ಚಂಚಿಯಿಂದ ಪೊಟ್ಟಣಕ್ಕೆ

ಗಂಗಾವತಿ ತಾಲ್ಲೂಕಿನ ಹೇಮಗುಡ್ಡ ಎಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ಬೆಟ್ಟದ ಮೇಲಿನ ಹಳೆಯ ಕೋಟೆ, ದುರ್ಗಾಪರಮೇಶ್ವರಿಯ ಗುಡಿ, ದಸರೆಯ ಆನೆಯ ಮೆರವಣಿಗೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಂಪಿಲರಾಯನೂ ಅವನ ಮಗ ಕುಮಾರರಾಮನೂ ಆಳಿದ ನಾಡು ಇದು. ಅವರ ಕುಮ್ಮಟದುರ್ಗ ಇಲ್ಲಿಂದ ದೂರವಲ್ಲ. ಆ ಕಾಲದ ವೀರರು ರಣವೀಳ್ಯ ಹಿಡಿದು ಯುದ್ಧಕ್ಕೆ ಹೊರಟವರು. ಆದರೆ ಅವರಾರೂ ತಂಬಾಕಿನ ರುಚಿ ಅರಿತವರಲ್ಲ. ಆ ಗಿಡ ಆಗಿನ್ನೂ ಅಮೆರಿಕ ಖಂಡವನ್ನು ಬಿಟ್ಟು ಹೊರಟಿರಲಿಲ್ಲ.

ಇಂದು ನಮ್ಮ ಕಡೆಯ ಯಾವ ಜಾತ್ರೆಯ ಮರುದಿನವಾದರೂ ಬಯಲಿಗೆ ಹೋಗಿ ನೋಡಿ. ನೆಲದ ತುಂಬ ಮಿರುಗುವ ಚಿಕ್ಕ ಪೊಟ್ಟಣಗಳು ಬಿದ್ದಿರುತ್ತವೆ. ತಡವಾಗಿ ಬಂದ ಈ ಅತಿಥಿ ನಮ್ಮ ತಾಂಬೂಲದ ಪಂಕ್ತಿಯಲ್ಲಿ ಹೇಗೆ ಬಂದು ಕುಳಿತನೆಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ತಾಂಬೂಲದ ಗೌರವ ಬಹು ಪುರಾತನವಾದುದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಅರಸನಿಂದ ವೀಳ್ಯ ಕರ್ಪೂರಗಳನ್ನು ಪಡೆದು, ವೀಳ್ಯದ ಗುಣವನ್ನು ಕೊಂಡಾಡಿ ಬರೆದಿದ್ದಾನೆ. ತಂಬಾಕಿನ ಮಾತು ಅಲ್ಲಿಲ್ಲ. ಅದನ್ನು ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ತಂಬಾಕು ಎಂಬ ಹೆಸರೂ ಅವರ ಮಾತಿನಿಂದಲೇ ಬಂದಿತು. 1604ರ ಹೊತ್ತಿಗೆ ಅದು ಕೃಷ್ಣೆಯಾಚೆಯ ಬಿಜಾಪುರಕ್ಕೆ ಬಂದಾಗಿತ್ತು. ಅಲ್ಲಿಗೆ ಅಕ್ಬರನ ದೂತನಾಗಿ ಹೋಗಿದ್ದ ಅಸದ್ ಬೇಗನು ಅದನ್ನು ಕೊಂಡೊಯ್ದು ಬಾದಶಹನ ಮುಂದಿಟ್ಟನು. ಅಕ್ಬರನು ಒಂದೆರಡು ಸಲ ಸೇದಿ ನೋಡಿದನು, ಹಕೀಮನು ಬೇಡವೆಂದನು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ನಿಷೇಧ ಉಳಿಯಲಿಲ್ಲ, ತಂಬಾಕು ಉಳಿಯಿತು.

ಕನ್ನಡಿಗರು ಅದನ್ನು ಹೊಗೆಸೊಪ್ಪು ಎಂದು ಕರೆದರು. ಹೆಸರಿನಲ್ಲಿ ಹೊಗೆ ಇದ್ದರೂ ನಮ್ಮ ಜನ ಅದನ್ನು ಹೊಗೆಯಿಲ್ಲದೆಯೇ ಹೆಚ್ಚಾಗಿ ಬಳಸಿದರೆಂಬುದು ವಿಚಿತ್ರ. ಪಂಡಿತರ ಮೂಗಿಗೆ ಅದು ನಸ್ಯವಾಯಿತು. ದುಡಿಯುವವನ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕಾಯಿತು. ಎಲೆಯಡಿಕೆಯ ಜೊತೆಗೆ ಕಡ್ಡಿಪುಡಿಯಾಯಿತು. ಪರಿಮಳ ಬೆರೆತು ಜರ್ದಾ ಆಯಿತು. ಈ ಮಾತಿಗೆ ಮೂಲ, ಹಳದಿ ಎಂಬ ಅರ್ಥದ ಪಾರಸಿ ಪದ. ಮಹಾರಾಷ್ಟ್ರದ ಗಡಿಯತ್ತ ಹುರಿದು ಪುಡಿಮಾಡಿದ ಮಿಶ್ರಿಯಾಗಿ ಹೆಂಗಸರ ಹಲ್ಲುಪುಡಿಯಾಯಿತು.

ಸುಣ್ಣ ಬರಿಯ ರುಚಿಗೆ ಬಂದುದಲ್ಲ. ಅದರ ಕ್ಷಾರಗುಣದಿಂದ ಎಲೆಯಲ್ಲಿನ ನಿಕೋಟಿನ್ ಬಿಡುಗಡೆಗೊಂಡು, ಬಾಯಿಯ ಒಳಪೊರೆಯ ಮೂಲಕ ಬೇಗನೆ ರಕ್ತಕ್ಕೆ ಸೇರುತ್ತದೆ. ರಸಾಯನಶಾಸ್ತ್ರ ಓದದ ಒಕ್ಕಲಿಗನು ಅನುಭವದಿಂದಲೇ ಇದನ್ನು ಕಂಡುಕೊಂಡಿದ್ದನು.

ಆದರೂ ಹಳೆಯ ರೂಢಿಗೆ ಒಂದು ಕಡಿವಾಣವಿತ್ತು. ನಮ್ಮ ಹಿರಿಯರ ಸೊಂಟದಲ್ಲಿ ಸಿಕ್ಕಿಸಿದ ಚಂಚಿಯನ್ನು ನಾನು ಬಲ್ಲೆ. ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಎಂದು ಅದರಲ್ಲಿ ಬೇರೆ ಬೇರೆ ಅರೆಗಳು. ಅದನ್ನು ಬಿಚ್ಚುವುದೆಂದರೆ ನಾಲ್ಕು ಜನರ ನಡುವೆ ಕುಳಿತುಕೊಳ್ಳುವುದು. ಹುಡುಗರು ಕೈಚಾಚಿದರೆ ಗದರಿಕೆ ಸಿಗುತ್ತಿತ್ತು. ಮಂಗಳಕಾರ್ಯದ ತಟ್ಟೆಯಲ್ಲಿ ವೀಳ್ಯಕ್ಕೆ ಸ್ಥಾನವಿತ್ತು, ತಂಬಾಕಿಗೆ ಇರಲಿಲ್ಲ. ರೋಗದ ಭಯ ಆಗಲೂ ಇಲ್ಲದಿರಲಿಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಸಮಾಜವೇ ಎಳೆದಿತ್ತು.

ಆ ಗೆರೆಯನ್ನು ಅಳಿಸಿದ್ದು ಪೊಟ್ಟಣ. 1973ರಲ್ಲಿ ಕಾನ್ಪುರದ ಕೊಠಾರಿಯವರ ಸಂಸ್ಥೆ ಪಾನ್ ಪರಾಗ್ ಎಂಬ ಪಾನ್ ಮಸಾಲೆಯನ್ನು ಪೇಟೆಗೆ ತಂದಿತು. ಎಲೆ ಬಾಡುತ್ತದೆ, ಇದು ಬಾಡದು. ಮೊದಲು ಡಬ್ಬಿಯಲ್ಲಿದ್ದುದು ಮುಂದೆ ಚಿಲ್ಲರೆ ಕಾಸಿನ ಪೊಟ್ಟಣಕ್ಕಿಳಿಯಿತು. ದೂರದರ್ಶನದಲ್ಲಿ ಅಶೋಕ್ ಕುಮಾರ್ ಮತ್ತು ಶಮ್ಮಿ ಕಪೂರ್ ಬೀಗರಾಗಿ ನಟಿಸಿದ ಅದರ ಜಾಹೀರಾತು ಹಲವರಿಗೆ ನೆನಪಿರಬಹುದು: ವರನ ಕಡೆಯವರು ಬಯಸುವುದು ಪಾನ್ ಪರಾಗಿನ ಸ್ವಾಗತವೊಂದನ್ನೇ! ಬೀಗರಿಗೆ ವೀಳ್ಯ ಕೊಡುವ ಮರ್ಯಾದೆಯನ್ನೇ ಪೊಟ್ಟಣವು ಸಾಲವಾಗಿ ಪಡೆದಿತ್ತು. ತಂಬಾಕಿಲ್ಲದ ಮಸಾಲೆಯ ಹಿಂದೆಯೇ, ಅದೇ ಹೆಸರಿನಲ್ಲಿಯೂ ಇತರ ಹಲವು ಹೆಸರುಗಳಲ್ಲಿಯೂ, ತಂಬಾಕು ಬೆರೆತ ಗುಟ್ಕಾ ಬಂದಿತು. ಚಂಚಿಯಲ್ಲಿ ಬೇರೆ ಬೇರೆ ಇದ್ದವು ಇಲ್ಲಿ ಒಂದಾದವು. ಎಷ್ಟು ಅಡಿಕೆ, ಎಷ್ಟು ತಂಬಾಕು ಎಂಬುದು ತಿನ್ನುವವನ ಕೈ ಬಿಟ್ಟು ಕಾರ್ಖಾನೆಯ ಕೈ ಸೇರಿತು. ಗದರುವ ಹಿರಿಯನಿಲ್ಲದ ಕಡೆ, ಶಾಲೆಯ ಹುಡುಗನೂ ಅದನ್ನು ಕಿಸೆಯಲ್ಲಿ ಬಚ್ಚಿಡಬಲ್ಲವನಾದನು.

ಇದರ ಫಲ ಬಾಯಿಯಲ್ಲಿಯೇ ಕಾಣಿಸಿಕೊಂಡಿತು. ಅಗಿಯುವ ತಂಬಾಕಿನಿಂದ ಕ್ಯಾನ್ಸರ್ ಬರುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿಯೇ ಹೇಳಿತು. ಅಡಿಕೆಯೂ ಸ್ವತಃ ಕ್ಯಾನ್ಸರ್‌ಕಾರಕವೆಂದು ಆಮೇಲೆ ಸಾರಿತು. ಅಡಿಕೆಯ ಚಟದಿಂದ ಕೆನ್ನೆಯ ಒಳಪೊರೆ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವೂ ಉಂಟು. ರೊಟ್ಟಿಯ ತುತ್ತನ್ನು ಬಾಯಿಗಿಡಲಾಗದ ತರುಣನ ಸಂಕಟವನ್ನು ಬಣ್ಣಿಸಬೇಕಾಗಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದ ವಯಸ್ಕರಲ್ಲಿ ಸೇದುವವರು ಶೇಕಡ 10.7, ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಶೇಕಡ 21.4, ಅಂದರೆ ಇಮ್ಮಡಿ.

ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರ ಬೇರೊಂದು ದಾರಿ ಹಿಡಿಯಿತು: ಮಸಾಲೆಗೊಂದು ಪೊಟ್ಟಣ, ತಂಬಾಕಿಗೊಂದು ಪೊಟ್ಟಣ, ಕೊಂಡವನೇ ಬೆರೆಸಿಕೊಳ್ಳುವನು. ಚಂಚಿಯ ಅರೆಗಳು ಮರಳಿ ಬಂದಂತಾಯಿತು. ಚಂಚಿಯ ಸುತ್ತ ಕುಳಿತು ಗದರುತ್ತಿದ್ದ ಹಿರಿಯರು ಮಾತ್ರ ಮರಳಲಿಲ್ಲ.

ಜಹಾಂಗೀರನ ಆಜ್ಞೆಗೆ ಸೋಲದ ಎಲೆ ಇಂದಿನ ಆಜ್ಞೆಯೊಂದರಿಂದಲೇ ಸೋಲುವುದೆಂದು ನಾನು ನಂಬಲಾರೆ. ತಾಂಬೂಲದ ಗೌರವವನ್ನು ತಾಂಬೂಲಕ್ಕೇ ಬಿಟ್ಟು, ತಂಬಾಕಿಗೆ ನಾವು ಕೊಟ್ಟ ಮರ್ಯಾದೆಯನ್ನು ಹಿಂದಕ್ಕೆ ಪಡೆಯಬೇಕು. ಅತಿಥಿಯ ಮುಂದೆ ಪೊಟ್ಟಣ ಚಾಚುವ ಕೈಯನ್ನು ತಡೆಯುವ ಕೆಲಸ ಮನೆಯ ಹಿರಿಯರದು. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.