ಅಕ್ಷರ ತಿದ್ದಿಸುವ ಆನಿಮೇಷನ್‌ಗೆ ಬೇರೆ ಥ್ರೆಡ್ ಬೇಕೆ?

ಕರಾವಳಿಯ ಸುರತ್ಕಲ್‌ನಲ್ಲಿ 1960ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದಿನ ಎನ್‌ಐಟಿಕೆ. ಹೆದ್ದಾರಿ ಹಿಡಿದು ಬಡಗಿಗೆ ಹೋದರೆ ಸಿಗುವ ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ ಹುಟ್ಟಿದ್ದು 1996ರಲ್ಲಿ. ಆ್ಯಪ್ ಕಟ್ಟುವ ಕಸುಬು ಈ ಕರಾವಳಿಗೆ ಹೊಸದಲ್ಲ. ಅದರ ಒಳವಿಚಾರ ಕನ್ನಡದಲ್ಲಿ ಚರ್ಚೆಯಾಗುವುದು ಮಾತ್ರ ಅಪರೂಪ. ಹಾಗಾಗಿ ನಮ್ಮದೇ ಉದಾಹರಣೆಯೊಂದನ್ನು ಪರಿಶೀಲಿಸೋಣ: ಮಗುವಿಗೆ ‘ಅ’ ಬರೆಯುವ ಕ್ರಮವನ್ನು ಗೆರೆ ಗೆರೆಯಾಗಿ ತೋರಿಸುವ ಆನಿಮೇಷನ್.

ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಸ್ಪರ್ಶ, ವಿನ್ಯಾಸ, ಚಿತ್ರಣದ ಸಿದ್ಧತೆ ಎಲ್ಲವೂ ಆ್ಯಪ್‌ನ ಮೇನ್ ಥ್ರೆಡ್‌ನ (ಮುಖ್ಯ ಕೆಲಸದ ಎಳೆಯ) ಹೊಣೆ. ಅದೇ ಥ್ರೆಡ್ ಕಡತ ಓದತೊಡಗಿದರೆ ಗೆರೆ ತಡವರಿಸುತ್ತದೆ. ಕನ್ನಡ ಪಠ್ಯದ ಭಾರವನ್ನೂ ಇದಕ್ಕೆ ಸೇರಿಸಬೇಕು: ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಆರು ಯೂನಿಕೋಡ್ ಸಂಕೇತಗಳಿವೆ; ಒತ್ತು, ದೀರ್ಘಗಳನ್ನು ಕೂಡಿಸಿ ರೂಪ ಕೊಟ್ಟ ಮೇಲೆಯೇ ಅದು ಪರದೆಗೆ ಬರುತ್ತದೆ. ಉದ್ದ ಪಠ್ಯದ ಈ ರೂಪಣೆ, ಅಳತೆಗಳನ್ನು ಹಿನ್ನೆಲೆ ಥ್ರೆಡ್‌ನಲ್ಲೇ ಮುಗಿಸಿಕೊಳ್ಳಲು 2018ರ ಆಂಡ್ರಾಯ್ಡ್ 9 ಪ್ರಿಕಂಪ್ಯೂಟೆಡ್‌ಟೆಕ್ಸ್ಟ್ ಎಂಬ ಸೌಲಭ್ಯ ಒದಗಿಸಿತು.

ಚಿತ್ರವನ್ನೇ ಹಿನ್ನೆಲೆಯಲ್ಲಿ ಬರೆಯಲು ಆಂಡ್ರಾಯ್ಡ್‌ನ ಹಳೆಯ ದಾರಿ ಸರ್ಫೇಸ್‌ವ್ಯೂ. ಹಿನ್ನೆಲೆ ಥ್ರೆಡ್ ಕ್ಯಾನ್ವಾಸಿಗೆ ಬೀಗ ಹಾಕಿ ಬರೆಯುತ್ತದೆ, ಬೀಗ ತೆಗೆದು ಪರದೆಗೆ ಒಪ್ಪಿಸುತ್ತದೆ. ಬೆರಳು ಮುಟ್ಟಿದ ಬಿಂದುಗಳು ಬರುವುದು ಮಾತ್ರ ಮೇನ್ ಥ್ರೆಡ್‌ಗೇ. ಅವನ್ನು ಚಿತ್ರ ಬರೆಯುವ ಥ್ರೆಡ್‌ಗೆ ಸುರಕ್ಷಿತವಾಗಿ ದಾಟಿಸಬೇಕು. ಬಳಕೆದಾರ ಆ್ಯಪ್ ಬಿಟ್ಟು ಹೊರನಡೆದಾಗ ಸರ್ಫೇಸ್ ಅಳಿಯುವ ಮುನ್ನ ಥ್ರೆಡ್ ನಿಲ್ಲಲೇಬೇಕು. ಹಲವು ಆ್ಯಪ್‌ಗಳು ಕುಸಿದುಬೀಳುವುದು ಇಲ್ಲಿಯೇ.

‘ಅ’ಕಾರದ ಗೆರೆಗೆ ಇಷ್ಟೆಲ್ಲ ಬೇಕಿಲ್ಲ. 2014ರ ಆಂಡ್ರಾಯ್ಡ್ 5.0ರಿಂದ ವ್ಯವಸ್ಥೆಯೊಳಗೇ ಚಿತ್ರಣಕ್ಕೆಂದು ರೆಂಡರ್‌ಥ್ರೆಡ್ ಇದೆ. ಸಾಮಾನ್ಯ ವ್ಯಾಲ್ಯೂಆನಿಮೇಟರ್ ಪ್ರತಿ ಫ್ರೇಮಿಗೂ ಮೇನ್ ಥ್ರೆಡ್ಡನ್ನೇ ಕಾಯುತ್ತದೆ ಎಂಬುದನ್ನು ಮರೆಯಬಾರದು. ಆದರೆ ಆನಿಮೇಟೆಡ್‌ವೆಕ್ಟರ್‌ಡ್ರಾಯಬಲ್ ಆಂಡ್ರಾಯ್ಡ್ 7.1ರಿಂದ ರೆಂಡರ್‌ಥ್ರೆಡ್‌ನಲ್ಲಿ ನಡೆಯುತ್ತದೆ. ಅದರ ಟ್ರಿಮ್‌ಪಾತ್‌ಎಂಡ್ ಮೌಲ್ಯವನ್ನು 0ಯಿಂದ 1ಕ್ಕೆ ಏರಿಸಿದರೆ ಗೆರೆ ತಾನಾಗಿ ಮೂಡುತ್ತದೆ. ಐಫೋನಿನಲ್ಲೂ ಸಿಎಶೇಪ್‌ಲೇಯರ್‌ನ ಸ್ಟ್ರೋಕ್‌ಎಂಡ್‌ಗೆ ಕೋರ್ ಆನಿಮೇಷನ್ ಜೋಡಿಸಿದರೆ, ಚಲನೆಯನ್ನು ಆ್ಯಪ್‌ನ ಹೊರಗಿನ ಪ್ರಕ್ರಿಯೆಯೇ ನಡೆಸುತ್ತದೆ.

ಆದ್ದರಿಂದ ಮೊದಲೇ ಗೊತ್ತಿರುವ ಚಲನೆಗೆ ಸ್ವಂತ ಥ್ರೆಡ್ ಹೂಡುವುದು ಅನಗತ್ಯ ಅಪಾಯ. ಮಗುವಿನ ಬೆರಳಿನ ಹಿಂದೆ ಕ್ಷಣಕ್ಷಣಕ್ಕೂ ಹೊಸ ಚಿತ್ರ ಲೆಕ್ಕಹಾಕಿ ಬರೆಯಬೇಕಾದಾಗ ಮಾತ್ರ ಸರ್ಫೇಸ್‌ವ್ಯೂ ತಕ್ಕ ಆಯ್ಕೆ.