ಬಂಗು (ಚರ್ಮದ ಕಲೆ)

ಬಂಗು ಎಂಬುದು ಕೆನ್ನೆ, ಹಣೆ, ಮೂಗು ಮತ್ತು ಮೇಲ್ದುಟಿಯ ಮೇಲೆ ಕಂದು ಬಣ್ಣದ ಕಲೆಗಳಾಗಿ ಕಾಣಿಸಿಕೊಳ್ಳುವ ಚರ್ಮದ ತೊಂದರೆ. ವೈದ್ಯಕೀಯದಲ್ಲಿ ಇದನ್ನು ಮೆಲಾಸ್ಮಾ ಎನ್ನುತ್ತಾರೆ. ಚರ್ಮದ ಮೆಲನೋಸೈಟ್ ಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯವನ್ನು ಅತಿಯಾಗಿ ತಯಾರಿಸುವುದರಿಂದ ಇದು ಉಂಟಾಗುತ್ತದೆ. ಬಿಸಿಲು, ಗರ್ಭಾವಸ್ಥೆ, ಗರ್ಭನಿರೋಧಕ ಮಾತ್ರೆ ಮತ್ತು ಆನುವಂಶಿಕತೆ ಇದಕ್ಕೆ ಪ್ರಮುಖ ಕಾರಣಗಳು. ಮಹಿಳೆಯರಲ್ಲಿ ಹೆಚ್ಚು. ಗರ್ಭಾವಸ್ಥೆಯಲ್ಲಿ ಬಂದ ಬಂಗು ಹೆರಿಗೆಯ ನಂತರ ಕೆಲವರಲ್ಲಿ ತಾನಾಗಿಯೇ ಮಾಸುತ್ತದೆ.

ಲೇಪನಗಳ ಆಯ್ಕೆ

ಬಿಸಿಲಿನಿಂದ ರಕ್ಷಣೆಯಿಲ್ಲದೆ ಯಾವ ಲೇಪನವೂ ಫಲ ಕೊಡುವುದಿಲ್ಲ. ನೇರಳಾತೀತ ಕಿರಣಗಳಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುತ್ತದೆ. ಆದ್ದರಿಂದ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಾಮಾನ್ಯ ಸನ್‌ಸ್ಕ್ರೀನಿಗಿಂತ ಹೆಚ್ಚು ಉಪಯುಕ್ತ.

ಲೇಪನಗಳು ಮೆಲನಿನ್ ತಯಾರಿಕೆಯ ಬೇರೆ ಬೇರೆ ಹಂತಗಳಲ್ಲಿ ಕೆಲಸ ಮಾಡುತ್ತವೆ. ಅಜೆಲಾಯಿಕ್ ಆಮ್ಲ ಮತ್ತು ಕೋಜಿಕ್ ಆಮ್ಲಗಳು ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತವೆ. ನಿಯಾಸಿನಮೈಡ್, ತಯಾರಾದ ಮೆಲನಿನ್ ಮೇಲ್ಪದರದ ಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತದೆ. ಟ್ರೆಟಿನಾಯಿನ್ ಹಳೆಯ ಕೋಶಗಳು ಬೇಗ ಉದುರುವಂತೆ ಮಾಡುತ್ತದೆ. ಗರ್ಭಿಣಿಯರಿಗೆ ಟ್ರೆಟಿನಾಯಿನ್ ಮತ್ತು ಹೈಡ್ರೋಕ್ವಿನೋನ್ ಸೂಚಿಸುವುದಿಲ್ಲ. ಅಜೆಲಾಯಿಕ್ ಆಮ್ಲವನ್ನು ಸುರಕ್ಷಿತವೆಂದು ಪರಿಗಣಿಸಲಾಗಿದೆ. ಭಾರತೀಯರಂತಹ ಕಂದು ಚರ್ಮದವರಲ್ಲಿ ಉರಿ, ಕೆರೆತಗಳೇ ಹೊಸ ಕಪ್ಪು ಕಲೆಗೆ ಕಾರಣವಾಗಬಹುದು. ಹೀಗಾಗಿ ಪ್ರಬಲ ಲೇಪನವೇ ಉತ್ತಮ ಲೇಪನವೆಂದು ಹೇಳಲಾಗದು. ಮೇಲ್ಪದರದ ಕಲೆ ತಿಳಿಯಾಗಲೂ ಹಲವು ವಾರಗಳು ಬೇಕು. ಒಳಚರ್ಮಕ್ಕಿಳಿದ ವರ್ಣದ್ರವ್ಯಕ್ಕೆ ಲೇಪನಗಳ ಪರಿಣಾಮ ಅಲ್ಪ.

ಹೈಡ್ರೋಕ್ವಿನೋನ್ ಮತ್ತು ಮಿಶ್ರ ಮುಲಾಮು

ಶೇ. 2ರಿಂದ 4ರಷ್ಟು ಹೈಡ್ರೋಕ್ವಿನೋನ್ ಇರುವ ಲೇಪನ ದೀರ್ಘಕಾಲದಿಂದ ಬಳಕೆಯಲ್ಲಿದೆ. ಅತಿಯಾಗಿ ಬಳಸಿದಲ್ಲಿ ಓಕ್ರನೋಸಿಸ್ ಎಂಬ ನೀಲಿಗಪ್ಪು ಬಣ್ಣ ಚರ್ಮದಲ್ಲಿ ಉಳಿದುಬಿಡುತ್ತದೆ. ಅದನ್ನು ಹೋಗಲಾಡಿಸುವುದು ಬಂಗಿಗಿಂತಲೂ ಕಷ್ಟ. ಅಮೆರಿಕದಲ್ಲಿ 2020ರ ಕಾನೂನು ಇದರ ಚೀಟಿಯಿಲ್ಲದ ಮಾರಾಟವನ್ನು ಕೊನೆಗೊಳಿಸಿತು.

1975ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್ ಅವರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಹಾಗೂ ಸ್ಟೀರಾಯ್ಡ್ ಸೇರಿಸಿದ ಸೂತ್ರವನ್ನು ಪ್ರಕಟಿಸಿದರು. ಇಂದಿನ ಮಿಶ್ರ ಮುಲಾಮುಗಳು ಇದರ ರೂಪಾಂತರಗಳು. ವೈದ್ಯರ ನಿಗಾದಲ್ಲಿ, ಕೆಲವೇ ವಾರಗಳ ಮಟ್ಟಿಗೆ ಇವು ಪರಿಣಾಮಕಾರಿ. ಭಾರತದಲ್ಲಿ ಮಾತ್ರ ಇವು ಬೆಳ್ಳಗಾಗಿಸುವ ಕ್ರೀಮ್ ಎಂಬ ನಂಬಿಕೆಯಿಂದ ಔಷಧದಂಗಡಿಗಳಲ್ಲಿ ನೇರವಾಗಿ ಕೊಳ್ಳಲ್ಪಟ್ಟು, ತಿಂಗಳುಗಟ್ಟಲೆ ಹಚ್ಚಲ್ಪಡುತ್ತವೆ. ಮೊದಲ ದಿನಗಳ ಹೊಳಪು ಸ್ಟೀರಾಯ್ಡಿನದು. ಕ್ರಮೇಣ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಮತ್ತು ಅನಗತ್ಯ ಕೂದಲು ಬೆಳೆಯುತ್ತವೆ. ನಿಲ್ಲಿಸಿದೊಡನೆ ಮುಖ ಕೆಂಪಾಗಿ ಉರಿಯುವುದರಿಂದ ಬಳಕೆದಾರರು ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಭಾರತ ಸರ್ಕಾರವು ಹಲವು ಸ್ಟೀರಾಯ್ಡ್ ಲೇಪನಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು.

ಮನೆಮದ್ದು

ನಿಂಬೆರಸ ಹಚ್ಚುವ ರೂಢಿ ವ್ಯಾಪಕವಾಗಿದೆ. ನಿಂಬೆಯಲ್ಲಿರುವ ಫ್ಯೂರೋಕೂಮರಿನ್‌ಗಳು ಬಿಸಿಲಿನೊಂದಿಗೆ ವರ್ತಿಸಿ ಚರ್ಮವನ್ನು ಸುಡುತ್ತವೆ. ಸುಟ್ಟ ಜಾಗ ನಂತರ ಇನ್ನಷ್ಟು ಕಪ್ಪಾಗುತ್ತದೆ.