ಡಾಕರ್ ಹುಟ್ಟುವ ಮೊದಲಿನ ಕಂಟೇನರ್

ಹೊಸಬರಿಗೆ ಕಂಟೇನರ್ ಪಾಠ ಈಗ ಸಾಮಾನ್ಯವಾಗಿ 2013ರಿಂದ ಶುರುವಾಗುತ್ತದೆ. ಆ ಮಾರ್ಚ್‌ನಲ್ಲಿ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷ ಮಾತಾಡಿದರು, ಡಾಕರ್ ಬಂತು, ಇನ್ನು ಈ ಕಮಾಂಡುಗಳನ್ನು ಬಾಯಿಪಾಠ ಮಾಡಿ. ಇಷ್ಟೇ ಚರಿತ್ರೆ.

ಅದಕ್ಕೂ ಹಿಂದಿನದು ಉದ್ದದ ಕಥೆ. 1979ರ ಯುನಿಕ್ಸ್ ಏಳನೇ ಆವೃತ್ತಿಯ ಸಿಎಚ್‌ರೂಟ್, ಪ್ರೋಗ್ರಾಮಿನ ಕಣ್ಣಿಗೆ ಬೀಳುವ ಕಡತಗಳಿಗೆ ಬೇಲಿ ಹಾಕಿತು. 2000ದಲ್ಲಿ ಫ್ರೀಬಿಎಸ್‌ಡಿ ಜೈಲ್, ಆಮೇಲೆ ಸೋಲಾರಿಸ್ ಝೋನ್.

ಲಿನಕ್ಸ್‌ನಲ್ಲಿ ನಿಜವಾದ ಕೆಲಸ ನಡೆದದ್ದು 2006ರಿಂದ 2008ರವರೆಗೆ. ಪ್ರೋಗ್ರಾಮುಗಳು ಬಳಸುವ ಮೆಮೊರಿ, ಸಿಪಿಯುಗಳಿಗೆ ಮಿತಿ ಹಾಕಲು ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ ಆರಂಭಿಸಿದ ಸಿ-ಗ್ರೂಪ್ 2008ರ ಜನವರಿಯಲ್ಲಿ 2.6.24 ಕರ್ನಲ್ ಸೇರಿತು. ಅದರ ಮೆಮೊರಿ ನಿಯಂತ್ರಣಕ್ಕೆ ದುಡಿದ ಬಲ್ಬೀರ್ ಸಿಂಗ್, ಸಿಪಿಯು ಹಂಚಿಕೆಗೆ ದುಡಿದ ಶ್ರೀವತ್ಸ ವಡ್ಡಗಿರಿ ಆಗ ಇದ್ದದ್ದು ಬೆಂಗಳೂರಿನ ಐಬಿಎಂ ಲ್ಯಾಬಿನಲ್ಲಿ. ಊರಿನ ಎಷ್ಟು ಡೆವ್‌ಆಪ್ಸ್ ಹುಡುಗರಿಗೆ ಇದು ಗೊತ್ತು? ಕೈಯಾರೆ ಕರ್ನಲ್ ಕಂಪೈಲ್ ಮಾಡಿ ಎಲ್‌ಎಕ್ಸ್‌ಸಿ ಕಂಟೇನರ್ ಹೊಂದಿಸುತ್ತಿದ್ದ ನಮ್ಮ ಪೀಳಿಗೆಗೆ ಆ ಪ್ಯಾಚುಗಳೇ ಪಠ್ಯಪುಸ್ತಕ.

ಡಾಕರ್‌ನ ಹೆಚ್ಚುಗಾರಿಕೆ ಬೇರೆಯೇ: ಪದರಪದರವಾದ ಇಮೇಜ್, ಅದನ್ನು ಕಟ್ಟುವ ಡಾಕರ್‌ಫೈಲ್, ಹಂಚಲು ರಿಜಿಸ್ಟ್ರಿ. ನೋಡ್ ಆ್ಯಪ್ ಕಟ್ಟುವಾಗ ಪ್ಯಾಕೇಜ್ ಪಟ್ಟಿಯನ್ನಷ್ಟೇ ಮೊದಲು ಕಾಪಿ ಮಾಡಿ, ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿ, ಉಳಿದ ಕೋಡನ್ನು ಕೊನೆಗೆ ಸೇರಿಸಿದರೆ, ಕೋಡಿನ ಒಂದು ಸಾಲು ಬದಲಾದಾಗ ಲೈಬ್ರರಿಗಳ ಪದರ ಹಾಗೇ ಉಳಿಯುತ್ತದೆ. ತಿರುವುಮುರುವಾದರೆ ಪ್ರತಿ ಬಿಲ್ಡಿಗೂ ಎಲ್ಲವೂ ಮತ್ತೆ ಡೌನ್‌ಲೋಡ್. ಇಷ್ಟನ್ನು ಈಗಿನವರು ಚೆನ್ನಾಗಿಯೇ ಕಲಿಯುತ್ತಾರೆ.

ಅವರು ಎಡವುವುದು ಆ್ಯಪ್ ಓಡತೊಡಗಿದ ಮೇಲೆ. 16 ಜಿಬಿ ಮೆಮೊರಿಯ ಸರ್ವರ್, ಕಂಟೇನರಿಗೆ 1 ಜಿಬಿ ಮಿತಿ, ಒಳಗೆ ಹಳೆಯ ಜಾವಾ 8. ಅದಕ್ಕೆ ಮಿತಿ ಕಾಣದು. ಇಡೀ ಯಂತ್ರದ ಕಾಲುಭಾಗ, ಅಂದರೆ 4 ಜಿಬಿವರೆಗೆ ಹೀಪ್ ಬೆಳೆಸಬಹುದೆಂದುಕೊಳ್ಳುತ್ತದೆ. 1 ಜಿಬಿ ದಾಟಲು ಹೋದಾಗ ಕರ್ನಲ್ ಅದನ್ನು ಮುಗಿಸುತ್ತದೆ. ಆ್ಯಪ್‌ನ ಲಾಗ್‌ನಲ್ಲಿ ಸುಳಿವಿಲ್ಲ, 137 ಎಂಬ ಎಕ್ಸಿಟ್ ಕೋಡ್ ಮಾತ್ರ: 128ಕ್ಕೆ ಕಿಲ್ ಸಿಗ್ನಲ್‌ನ 9 ಕೂಡಿದ್ದು. 2018ರಲ್ಲಿ ಜಾವಾ 10 ಈ ಕುರುಡನ್ನು ಸರಿಪಡಿಸಿತು, ಜಾವಾ 8ಕ್ಕೂ ಅದೇ ವರ್ಷ ಪರಿಹಾರ ಬಂತು. ಸಿ-ಗ್ರೂಪ್ ಗೊತ್ತಿದ್ದವರಿಗೆ ಇಂಥ ಸಾವಿನ ಕಾರಣ ಹುಡುಕುವುದು ಐದು ನಿಮಿಷದ ಕೆಲಸ. ಗೊತ್ತಿಲ್ಲದವರು ರೀಸ್ಟಾರ್ಟ್ ಮಾಡುತ್ತಲೇ ಇರುತ್ತಾರೆ.

2014ರಲ್ಲಿ ಕಂಟೇನರುಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಬಂತು, ಮರುವರ್ಷ ಓಪನ್ ಕಂಟೇನರ್ ಇನಿಶಿಯೇಟಿವ್ (ಓಸಿಐ) ರೂಪುಗೊಂಡು, ಮುಂದೆ ಇಮೇಜ್ ಮತ್ತು ರನ್‌ಟೈಮ್ ಎರಡಕ್ಕೂ ಸಾಮಾನ್ಯ ಮಾನದಂಡ ಹುಟ್ಟಿತು. ತನ್ನನ್ನು ಡಾಕರ್‌ಗೆ ಜೋಡಿಸುವ ಡಾಕರ್‌ಶಿಮ್ಮನ್ನು ಕೈಬಿಡುವುದಾಗಿ ಕುಬರ್ನೆಟಿಸ್ 2020ರಲ್ಲಿ ಹೇಳಿದಾಗ ದೊಡ್ಡ ಗಾಬರಿ; 2022ರಲ್ಲಿ 1.24 ಆವೃತ್ತಿ ಅದನ್ನು ತೆಗೆದುಹಾಕಿತು. ಡಾಕರ್‌ನಲ್ಲಿ ಕಟ್ಟಿದ ಇಮೇಜುಗಳು ಮಾತ್ರ ಮೊದಲಿನಂತೆಯೇ ಓಡಿದವು. ಡಾಕರನ್ನೇ ಕಂಟೇನರ್ ಎಂದುಕೊಂಡವರು ಗಾಬರಿಯಾದದ್ದು ಸಹಜವೇ.

ಕಲಿಸುವವರಲ್ಲಿ ಒಂದು ಕೋರಿಕೆ. ಮೊದಲ ದಿನ ಡಾಕರ್ ಬೇಡ. ಖಾಲಿ ಲಿನಕ್ಸ್ ಯಂತ್ರದಲ್ಲಿ ಅನ್‌ಶೇರ್ ಕಮಾಂಡಿನಿಂದ ಒಂದು ಪ್ರೋಗ್ರಾಮನ್ನು ಬೇರ್ಪಡಿಸಿ, ಸಿ-ಗ್ರೂಪ್ ಕಡತದಲ್ಲಿ ಮೆಮೊರಿ ಮಿತಿ ಬರೆದು, ಅದು ಸಾಯುವುದನ್ನು ವಿದ್ಯಾರ್ಥಿಗಳೇ ನೋಡಲಿ. ಡಾಕರನ್ನು ಮರುದಿನ ಹಿಡಿದುಕೊಳ್ಳಿ.